ನಾಲ್ಕನೆಯ ವರ್ಷದ ಚಿಂತೆ

ಹೊಸ ಕಾರು ಮನೆಗೆ ಬರುವ ದಿನವೆಂದರೆ ಮಧ್ಯಮ ವರ್ಗದ ಸಂಸಾರಕ್ಕೆ ಒಂದು ಸಣ್ಣ ಹಬ್ಬ. ಪಂಚಾಂಗ ನೋಡಿ ಮುಹೂರ್ತ ಗೊತ್ತು ಮಾಡಿರುತ್ತಾರೆ. ಹೂವಿನ ಹಾರ, ಅರಿಸಿನ ಕುಂಕುಮ, ಕರ್ಪೂರ, ಚಕ್ರಕ್ಕೊಂದರಂತೆ ನಾಲ್ಕು ನಿಂಬೆಹಣ್ಣು, ಎಲ್ಲವೂ ಸಿದ್ಧವಾಗಿರುತ್ತವೆ. ಆದರೆ ಈ ಹಬ್ಬಕ್ಕೆ ನಾಲ್ಕು ದಿನ ಮೊದಲು, ಷೋರೂಮಿನ ತಣ್ಣನೆಯ ಕೋಣೆಯಲ್ಲಿ, ಬೆಲೆ, ತೆರಿಗೆ, ವಿಮೆ, ನೋಂದಣಿಗಳ ಪಟ್ಟಿಯ ತುದಿಯಲ್ಲಿ ಇನ್ನೊಂದು ಸಾಲು ತಲೆಯೆತ್ತುತ್ತದೆ: ವಿಸ್ತೃತ ವಾರಂಟಿ, ಇಷ್ಟು ಸಾವಿರ ರೂಪಾಯಿ. ಮಾರಾಟದ ತರುಣ ವಿನಯದಿಂದಲೇ ಹೇಳುತ್ತಾನೆ: “ಒಂಬತ್ತು ಲಕ್ಷದ ಗಾಡಿಗೆ ಹದಿನೆಂಟು ಸಾವಿರ ಯಾವ ಲೆಕ್ಕ ಸಾರ್? ನಾಲ್ಕನೇ ವರ್ಷ ಎಂಜಿನ್ ಕೈಕೊಟ್ಟರೆ ಲಕ್ಷಕ್ಕೆ ಕಡಿಮೆ ಆಗೋದಿಲ್ಲ.”

ಎತ್ತನ್ನು ಕೊಂಡವನಿಗೆ ಹಗ್ಗದ ಬೆಲೆ ಹೆಚ್ಚೆನಿಸುವುದಿಲ್ಲ. ಮಾರಾಟಗಾರನ ಮಾತಿನ ಬಲವೆಲ್ಲ ಇರುವುದು ಈ ಮನೋಧರ್ಮದಲ್ಲಿಯೇ. ಒಂಬತ್ತು ಲಕ್ಷದ ಪಕ್ಕದಲ್ಲಿ ನಿಲ್ಲಿಸಿದಾಗ ಹದಿನೆಂಟು ಸಾವಿರ ಕುಬ್ಜವಾಗಿ ಕಾಣುತ್ತದೆ. ಅದನ್ನೇ ಮನೆಯ ತಿಂಗಳ ದಿನಸಿಯ ಪಕ್ಕದಲ್ಲಿಯೋ ಮಗಳ ಶಾಲೆಯ ಶುಲ್ಕದ ಪಕ್ಕದಲ್ಲಿಯೋ ನಿಲ್ಲಿಸಿದರೆ ಅದರ ನಿಜವಾದ ಎತ್ತರ ತಿಳಿಯುತ್ತದೆ. ತರುಣ ಹೇಳಿದ್ದು ಸುಳ್ಳೆಂದಲ್ಲ. ನಾಲ್ಕನೆಯ ವರ್ಷದಲ್ಲಿ ಎಂಜಿನ್ ಕೈಕೊಡಬಹುದು. ಕೊಟ್ಟರೆ ಖರ್ಚು ದೊಡ್ಡದೇ. ಆದರೆ ಕೈಕೊಡುವ ಸಂಭವ ಎಷ್ಟು, ಕೊಟ್ಟಾಗ ಆ ಕಾಗದ ನಿಜವಾಗಿಯೂ ಕೈಹಿಡಿಯುವುದೇ, ಹಿಡಿಯದಿದ್ದರೆ ಸಂಸಾರ ಆ ಪೆಟ್ಟನ್ನು ತಾಳಿಕೊಳ್ಳಬಲ್ಲುದೇ ಎಂಬ ಮೂರು ಪ್ರಶ್ನೆಗಳನ್ನು ಅವನು ಕೇಳುವುದಿಲ್ಲ. ಕೇಳಬೇಕಾದವರು ಕೊಳ್ಳುವವರು.

ಮೊದಲು ಮಾತಿನ ಅರ್ಥವನ್ನು ತಿಳಿಯಾಗಿಸಿಕೊಳ್ಳುವುದು ಒಳ್ಳೆಯದು. ನಮ್ಮ ಬಾಯಲ್ಲಿ ಬೇರೆ ಬೇರೆಯಾಗಿ ಓಡಾಡುವ ವಾರಂಟಿ, ಗ್ಯಾರಂಟಿ ಎಂಬ ಎರಡು ಪದಗಳು ಮೂಲದಲ್ಲಿ ಒಂದೇ ಧಾತುವಿನಿಂದ ಹುಟ್ಟಿ, ಹಳೆಯ ಫ್ರೆಂಚಿನ ಎರಡು ಉಪಭಾಷೆಗಳ ಮೂಲಕ ಇಂಗ್ಲಿಷಿಗೆ ಬಂದ ಅಕ್ಕತಂಗಿಯರು. ಎರಡರ ತಿರುಳೂ ಹೊಣೆಗಾರಿಕೆ. ನಮ್ಮ ದೇಶದಲ್ಲಿ 1930ರಿಂದ ಜಾರಿಯಲ್ಲಿರುವ ಸರಕು ಮಾರಾಟ ಕಾಯಿದೆ ವಾರಂಟಿಗೆ ಒಂದು ನಿಶ್ಚಿತವಾದ ಅರ್ಥವನ್ನು ಕೊಟ್ಟಿದೆ: ಮಾರಾಟದ ಮುಖ್ಯ ಉದ್ದೇಶಕ್ಕೆ ಜೊತೆಯಾಗಿ ನಿಲ್ಲುವ ಒಂದು ವಚನ, ಅದು ಭಂಗವಾದರೆ ನಷ್ಟ ಕೇಳಬಹುದು, ಸರಕನ್ನೇ ಹಿಂದಿರುಗಿಸುವ ಹಕ್ಕು ಅದರಿಂದ ಬರುವುದಿಲ್ಲ. ಹೊಸ ಕಾರಿನೊಂದಿಗೆ ತಯಾರಕರು ಕೊಡುವ ವಾರಂಟಿ ಇಂಥ ವಚನವೇ. ಅದಕ್ಕೆ ಬೇರೆ ಬೆಲೆಯಿಲ್ಲ. ಕಾರಿನ ಬೆಲೆಯಲ್ಲಿಯೇ ಅದು ಸೇರಿಹೋಗಿದೆ.

ವಿಸ್ತೃತ ವಾರಂಟಿಯೆಂಬುದು ಹೆಸರಿಗೆ ಅದರ ಮುಂದುವರಿಕೆ, ಸ್ವಭಾವದಲ್ಲಿ ಬೇರೆಯೇ ವಸ್ತು. ಅದು ಪ್ರತ್ಯೇಕವಾಗಿ ಹಣ ಕೊಟ್ಟು ಕೊಳ್ಳುವ ಒಂದು ಕರಾರು. ಮೊದಲ ವಾರಂಟಿ ಮುಗಿದ ಮೇಲೆ ಇಂತಿಂಥ ಭಾಗಗಳು ಇಂತಿಂಥ ಕಾರಣದಿಂದ ಕೆಟ್ಟರೆ ಸರಿಪಡಿಸಿಕೊಡುತ್ತೇವೆಂಬ ಮಾತನ್ನು ಇಂದೇ ಕೊಂಡಿಡುವುದು. ಅಮೆರಿಕದಲ್ಲಿ ಇದನ್ನು ವಾರಂಟಿಯೆನ್ನದೆ ಸೇವಾ ಕರಾರೆಂದೇ ಕರೆಯುವ ಪದ್ಧತಿಯಿದೆ. 1975ರ ಮ್ಯಾಗ್ನೂಸನ್‌ ಮಾಸ್ ವಾರಂಟಿ ಕಾಯಿದೆ ಈ ಎರಡನ್ನೂ ಬೇರೆ ಬೇರೆಯಾಗಿಯೇ ಎಣಿಸುತ್ತದೆ. ಇವುಗಳ ಜೊತೆಗೆ ಮೂರನೆಯದೊಂದನ್ನೂ ಷೋರೂಮಿನಲ್ಲಿ ಮಾರುತ್ತಾರೆ: ಮುಂಗಡ ಹಣ ಕಟ್ಟುವ ನಿರ್ವಹಣೆಯ ಪ್ಯಾಕೇಜು. ಎಣ್ಣೆ ಬದಲಿಸುವುದು, ಫಿಲ್ಟರು ಹಾಕುವುದು ಮುಂತಾದ ನಿತ್ಯದ ಸರ್ವೀಸು ಮಾತ್ರ ಅದಕ್ಕೆ ಸೇರಿದ್ದು; ಗೇರ್‌ಬಾಕ್ಸು ಒಡೆದರೆ ಅದರಿಂದ ಬಿಡಿಗಾಸೂ ಹುಟ್ಟುವುದಿಲ್ಲ. ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವುದು ಮಾರುವವರ ಅಭ್ಯಾಸ. ಬಿಡಿಸಿ ಕೇಳುವುದು ಕೊಳ್ಳುವವರ ಕರ್ತವ್ಯ.

ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳ ಕಾಲದಲ್ಲಿ ಈ ಚಿಂತೆಗೆ ಎಡೆಯಿರಲಿಲ್ಲ. ಗಾಡಿ ದಾರಿಯಲ್ಲಿ ನಿಂತರೆ ಹತ್ತಿರದ ಗ್ಯಾರೇಜಿನ ಮೇಸ್ತ್ರಿ ಬಂದು, ಬಾನೆಟ್ಟು ತೆಗೆದು, ಕಿವಿಗೊಟ್ಟು ಆಲಿಸಿ, ರೋಗ ಹೇಳುತ್ತಿದ್ದ. ಬೇಕಾದ ಬಿಡಿಭಾಗ ಬೆಂಗಳೂರಿನ ಜೆ. ಸಿ. ರಸ್ತೆಯ ಅಂಗಡಿಗಳಲ್ಲಿ ಸಿಗುತ್ತಿತ್ತು. ಪದೇ ಪದೇ ಕೆಡುತ್ತಿತ್ತು, ಕಡಿಮೆ ಹಣದಲ್ಲಿ ಸರಿಹೋಗುತ್ತಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಕಾರು ಕೆಡುವುದು ಕಡಿಮೆಯಾಯಿತು. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಎಂಬ ಹೊಗೆ ನಿಯಮ ಜಾರಿಗೆ ಬಂದ ಮೇಲಂತೂ ಎಂಜಿನ್ನಿನ ಸುತ್ತ ಸಂವೇದಕಗಳು, ವಿದ್ಯುನ್ಮಾನ ಹಲಗೆಗಳು, ಹೊಗೆ ಸೋಸುವ ಉಪಕರಣಗಳು ಇನ್ನಷ್ಟು ಒತ್ತಾಗಿ ಕೂಡಿಕೊಂಡವು. ಈಗಿನ ಕಾರು ಕೆಡುವುದು ಅಪರೂಪ. ಆದರೆ ಕೆಟ್ಟಾಗ ಮೇಸ್ತ್ರಿಯ ಕಿವಿಗೆ ಏನೂ ಕೇಳಿಸುವುದಿಲ್ಲ, ಕಂಪ್ಯೂಟರು ಹಚ್ಚಿಯೇ ನೋಡಬೇಕು, ಹಲಗೆಯನ್ನು ರಿಪೇರಿ ಮಾಡದೆ ಬದಲಿಸಿಯೇ ಬಿಡಬೇಕು. ಸಂಭವ ಇಳಿದಿದೆ, ಖರ್ಚು ಏರಿದೆ. ವಿಸ್ತೃತ ವಾರಂಟಿಯ ವ್ಯಾಪಾರ ಬೆಳೆದಿರುವುದು ಈ ಎರಡರ ನಡುವಣ ಸಂದಿಯಲ್ಲಿ.

ಈ ಸಂದಿಯನ್ನು ಯಂತ್ರಶಾಸ್ತ್ರಜ್ಞರು ಒಂದು ಗೆರೆಯ ಮೂಲಕ ತೋರಿಸುತ್ತಾರೆ. ಯಾವುದೇ ಯಂತ್ರದ ಆಯುಸ್ಸನ್ನು ಉದ್ದಕ್ಕೂ ಕೆಡುವ ಸಂಭವವನ್ನು ಎತ್ತರಕ್ಕೂ ಗುರುತಿಸಿದರೆ ಸ್ನಾನದ ತೊಟ್ಟಿಯ ಆಕಾರ ಬರುತ್ತದಂತೆ. ತಯಾರಿಕೆಯ ದೋಷಗಳು ಬಹುಮಟ್ಟಿಗೆ ಆರಂಭದಲ್ಲಿಯೇ ಹೊರಬೀಳುತ್ತವೆ. ಆ ಅಂಚು ಎತ್ತರ. ಆಮೇಲೆ ಬಹುಕಾಲ ತಗ್ಗಾದ ಸಮತಟ್ಟು. ಕೊನೆಗೆ ಸವೆತ, ತುಕ್ಕು, ಮುಪ್ಪುಗಳಿಂದ ಗೆರೆ ಮತ್ತೆ ಏರುತ್ತದೆ. ಆರಂಭದ ಅಂಚು ತಯಾರಕರ ಮೂಲ ವಾರಂಟಿಯೊಳಗೇ ಬಿದ್ದುಹೋಗುತ್ತದೆ. ಮುಪ್ಪಿನ ಅಂಚು ಬರುವ ವೇಳೆಗೆ ವಿಸ್ತೃತ ವಾರಂಟಿಯೂ ಸಾಮಾನ್ಯವಾಗಿ ಮುಗಿದಿರುತ್ತದೆ. ಎಂದರೆ ನಾವು ಹಣ ಕೊಟ್ಟು ಕೊಳ್ಳುವ ನಾಲ್ಕನೆಯ ಐದನೆಯ ವರ್ಷಗಳು ಹೆಚ್ಚಿನ ಕಾರುಗಳ ಮಟ್ಟಿಗೆ ತೊಟ್ಟಿಯ ತಳದ ಶಾಂತವಾದ ದಿನಗಳೇ.

ಮೂಲ ವಾರಂಟಿ ಎಷ್ಟು ಕಾಲದ್ದೆಂಬುದನ್ನು ನೋಡದೆ ಈ ಲೆಕ್ಕ ಮುಂದುವರಿಯುವಂತಿಲ್ಲ. ಮಾರುತಿ ಸುಜುಕಿ ಕಂಪನಿ 2024ರ ಜುಲೈವರೆಗೆ 2 ವರ್ಷ ಅಥವಾ 40,000 ಕಿಲೋಮೀಟರಿನ ವಾರಂಟಿ ಕೊಡುತ್ತಿತ್ತು. ಆ ತಿಂಗಳಿನಿಂದ ಅದನ್ನು 3 ವರ್ಷ ಅಥವಾ 1,00,000 ಕಿಲೋಮೀಟರಿಗೆ ಏರಿಸಿತು. ಮೊದಲಿನ ನಿಯಮದಲ್ಲಿ ನಿತ್ಯ ದೂರ ಓಡಾಡುವವನಿಗೆ ಒಂದೂವರೆ ವರ್ಷದಲ್ಲಿಯೇ ರಕ್ಷೆ ತೀರಿಹೋಗುತ್ತಿತ್ತು. ಅವನಿಗೆ ವಿಸ್ತರಣೆ ಅಗತ್ಯವೆಂದರೆ ಒಪ್ಪಬಹುದಾಗಿತ್ತು. ಆದ್ದರಿಂದ ಹಿಂದೆ ಕಾರು ಕೊಂಡ ಭಾವಮೈದುನನ ಸಲಹೆ ಇಂದಿಗೆ ಹೊಂದಬೇಕೆಂದಿಲ್ಲ. ವರ್ಷ ಮತ್ತು ಕಿಲೋಮೀಟರುಗಳ ನಡುವೆ ಇರುವ “ಯಾವುದು ಮೊದಲೋ ಅದು” ಎಂಬ ಮೂರು ಪದಗಳನ್ನೂ ಮರೆಯಬಾರದು. ಐದು ವರ್ಷ ಅಥವಾ 1,40,000 ಕಿಲೋಮೀಟರಿನ ಕರಾರನ್ನು ವರ್ಷಕ್ಕೆ 30,000 ಕಿಲೋಮೀಟರು ಓಡಿಸುವವನು ಕೊಂಡರೆ, ಅದು ನಾಲ್ಕು ವರ್ಷ ಎಂಟು ತಿಂಗಳಿಗೇ ಮುಗಿಯುತ್ತದೆ.

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಮಾರುವವನಿಗೆ ತಿಳಿದದ್ದೆಲ್ಲ ಕೊಳ್ಳುವವನಿಗೆ ತಿಳಿಯದೆಂಬುದು ಅವನಿಗೆ ತಲೆಮಾರುಗಳಿಂದ ಬಂದ ಜ್ಞಾನ. ಇದೇ ಸಂಗತಿಯನ್ನು ಹಳೆಯ ಕಾರುಗಳ ಸಂತೆಯ ಉದಾಹರಣೆಯಿಂದ ಅರ್ಥಶಾಸ್ತ್ರಕ್ಕೆ ತಂದವರು ಅಮೆರಿಕದ ಜಾರ್ಜ್ ಅಕರ್‌ಲಾಫ್. 1970ರಲ್ಲಿ ಅವರು ಪ್ರಕಟಿಸಿದ ಲೇಖನದ ಹೆಸರಿನಲ್ಲಿಯೇ ನಿಂಬೆಹಣ್ಣಿದೆ. ಒಳಗೆ ದೋಷವಿರುವ ಕಾರನ್ನು ಆ ದೇಶದ ಆಡುಮಾತಿನಲ್ಲಿ ನಿಂಬೆಹಣ್ಣೆನ್ನುತ್ತಾರೆ. ನಾವು ಚಕ್ರದ ಕೆಳಗೆ ದೃಷ್ಟಿ ತೆಗೆಯಲಿಡುವ ಹಣ್ಣು ಅವರಿಗೆ ಮೋಸದ ಗಾಡಿಯ ಹೆಸರು! 2001ರಲ್ಲಿ ಅವರಿಗೆ ಇನ್ನಿಬ್ಬರೊಂದಿಗೆ ಅರ್ಥಶಾಸ್ತ್ರದ ನೊಬೆಲ್ ಸ್ಮಾರಕ ಪುರಸ್ಕಾರ ಬಂದಿತು. ವಿಸ್ತೃತ ವಾರಂಟಿಯ ವ್ಯಾಪಾರದಲ್ಲಿ ಈ ಜ್ಞಾನದ ಅಂತರ ಎರಡು ಕಡೆಗೂ ಇದೆ. ಯಾವ ಮಾದರಿಯ ಯಾವ ಭಾಗ ಎಷ್ಟು ಸಲ ಕೆಡುತ್ತದೆಂಬುದು ಕಂಪನಿಗೆ ಗೊತ್ತು. ಬೆಲೆಯನ್ನು ಅದು ಕಟ್ಟುವುದು ಆ ತಿಳಿವಿನ ಮೇಲೆ. ಆದರೆ ಈ ಕಾರು ಎಷ್ಟು ಓಡುತ್ತದೆ, ಯಾರ ಕೈಯಲ್ಲಿ ಓಡುತ್ತದೆ, ಎಂಥ ರಸ್ತೆಯಲ್ಲಿ ಓಡುತ್ತದೆಂಬುದು ಕೊಳ್ಳುವವನಿಗೇ ಹೆಚ್ಚು ಗೊತ್ತು. ಕೊಳ್ಳುವವನು ಉಪಯೋಗಿಸಬೇಕಾದ ಬಂಡವಾಳ ಇದೇ.

ಜಯನಗರದ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ಯಜಮಾನರು ಬ್ಯಾಂಕಿನಲ್ಲಿ ಅಧಿಕಾರಿ. ಆಫೀಸಿಗೆ ಮೆಟ್ರೋದಲ್ಲಿ ಹೋಗಿಬರುತ್ತಾರೆ. ಮನೆಯಾಕೆ ಶಾಲೆಯಲ್ಲಿ ಉಪಾಧ್ಯಾಯಿನಿ. ಮನೆಯ ಲೆಕ್ಕದ ಪುಸ್ತಕ ಅವರ ಕೈಯಲ್ಲಿದೆ. ಕಾರು ಓಡುವುದು ಸಂತೆಗೆ, ಮದುವೆ ಮುಂಜಿಗಳಿಗೆ, ವರ್ಷಕ್ಕೆರಡು ಸಲ ಸಾಗರದ ತವರಿಗೆ. ಎಲ್ಲ ಸೇರಿ ಎಂಟು ಸಾವಿರ ಕಿಲೋಮೀಟರು. ಷೋರೂಮಿನಿಂದ ತಂದ ಹಾಳೆಯನ್ನು ರಾತ್ರಿ ಊಟವಾದ ಮೇಲೆ ಇಬ್ಬರೂ ಮುಂದಿಟ್ಟುಕೊಂಡು ಕೂತರು.

“ಹೇಗೂ ಸಾಲದಲ್ಲಿಯೇ ಸೇರಿಸಿಬಿಡುತ್ತಾರಂತೆ. ತಿಂಗಳಿಗೆ ಮುನ್ನೂರು ರೂಪಾಯಿ ಕೂಡ ಆಗುವುದಿಲ್ಲ” ಎಂದರು ಯಜಮಾನರು.

“ಎಷ್ಟು ತಿಂಗಳು?”

“ಎಂಬತ್ತನಾಲ್ಕು.”

ಆಕೆ ಪುಸ್ತಕದಲ್ಲಿ ಗುಣಿಸಿದರು. ಶೇಕಡ 9ರ ಬಡ್ಡಿಯಲ್ಲಿ ಏಳು ವರ್ಷದ ಸಾಲಕ್ಕೆ 18,000 ರೂಪಾಯಿ ಸೇರಿದರೆ ತಿಂಗಳಿಗೆ ಸುಮಾರು 290 ರೂಪಾಯಿ. ಒಟ್ಟು 24,300 ರೂಪಾಯಿಯ ಆಸುಪಾಸು. “ಅಲ್ಲಾ, ಈ ರಕ್ಷೆ ಶುರುವಾಗುವುದೇ ನಾಲ್ಕನೇ ವರ್ಷದಿಂದ. ಬಡ್ಡಿ ಮಾತ್ರ ನಾಳೆಯಿಂದಲೇ ಶುರುವಾಯಿತಲ್ಲ! ಇನ್ನೂ ಬರದ ಸರಕಿಗೆ ಮೂರು ವರ್ಷ ಬಡ್ಡಿ ಕಟ್ಟುವುದೆಂದರೇನು? ಈಗಲೇ ಕೊಳ್ಳಲೇಬೇಕಂತೇನು?”

“ಇವತ್ತು ಕೊಂಡರೆ ಬೆಲೆ ಕಡಿಮೆಯಂತೆ.”

“ಆಮೇಲೆ ಕೊಂಡರೆ ಎಷ್ಟು ಹೆಚ್ಚು ಅಂತ ಕೇಳಿದಿರಾ?”

ಯಜಮಾನರು ಕೇಳಿರಲಿಲ್ಲ. ಹೆಚ್ಚಿನವರು ಕೇಳುವುದಿಲ್ಲ. ಅನೇಕ ಕಂಪನಿಗಳು ಮೂಲ ವಾರಂಟಿ ಮುಗಿಯುವುದರೊಳಗೆ ಯಾವಾಗ ಬೇಕಾದರೂ ಈ ಕರಾರನ್ನು ಮಾರುತ್ತವೆ. ದಿನ ಕಳೆದಂತೆ ಬೆಲೆ ಏರುತ್ತದೆ ಅಷ್ಟೆ. ಆ ಏರಿಕೆಯನ್ನು ಒಂದು ಪಕ್ಕದಲ್ಲಿಟ್ಟು, ಇನ್ನೊಂದು ಪಕ್ಕದಲ್ಲಿ ಹಣವನ್ನು ಕೈಯಲ್ಲಿಟ್ಟುಕೊಂಡ ಲಾಭವನ್ನು ಇಡಬೇಕು. 18,000 ರೂಪಾಯಿಯನ್ನು ಶೇಕಡ 6ರ ಬಡ್ಡಿಗೆ ಮೂರು ವರ್ಷ ಠೇವಣಿಯಿಟ್ಟರೆ ಅದು ಸುಮಾರು 21,400 ಆಗುತ್ತದೆ. ಅದಕ್ಕಿಂತ ಹೆಚ್ಚಿನ ಲಾಭ ಇನ್ನೊಂದು: ಎರಡೂವರೆ ವರ್ಷ ಓಡಿಸಿದ ಮೇಲೆ ಕಾರಿನ ಗುಣ ಮನೆಯವರಿಗೆ ಗೊತ್ತಾಗಿರುತ್ತದೆ. ವರ್ಗವಾಗಿ ಬೇರೆ ಊರಿಗೆ ಹೋಗಿರಬಹುದು, ಕಾರನ್ನೇ ಮಾರಲು ಮನಸ್ಸಾಗಿರಬಹುದು. ಆದ್ದರಿಂದ ಕೊಳ್ಳುವ ಕೊನೆಯ ದಿನ ಯಾವುದೆಂದು ಬರೆಹದಲ್ಲಿ ಕೇಳಿ ಪಡೆದು, ಆ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳುವುದು ಜಾಣತನ.

ಇನ್ನು ಕಂಪನಿಯ ಕಡೆಯ ಲೆಕ್ಕ. ನಿಜವಾದ ಅಂಕಿಗಳು ಅವರ ಕಪಾಟಿನಲ್ಲಿರುತ್ತವೆ; ರೀತಿ ತಿಳಿಯಲು ಒಂದು ಕಲ್ಪಿತ ಲೆಕ್ಕ ಸಾಕು. ನೂರು ಮಂದಿ ತಲಾ 18,000 ಕೊಟ್ಟರೆ 18 ಲಕ್ಷ ಕೂಡುತ್ತದೆ. ಅದರಲ್ಲಿ ಶೇಕಡ 18ರ ಜಿಎಸ್‌ಟಿ ಸೇರಿದ್ದರೆ ಸುಮಾರು 2,75,000 ಸರಕಾರಕ್ಕೆ ಹೋಯಿತು. ಮಾರಾಟದ ಕಮಿಷನ್ನು, ಕಚೇರಿಯ ಖರ್ಚು, ಲಾಭ ಇವು ಒಂದು ಪಾಲು ತಿನ್ನುತ್ತವೆ. ನೂರರಲ್ಲಿ 20 ಮಂದಿಗೆ ಹತ್ತು ಸಾವಿರದ ರಿಪೇರಿ, 5 ಮಂದಿಗೆ ಎಂಬತ್ತು ಸಾವಿರದ ರಿಪೇರಿ ಬಂದಿತೆಂದರೆ ಹಿಂದಿರುಗಿದ್ದು 6 ಲಕ್ಷ. ಉಳಿದ 75 ಮಂದಿಗೆ ದಕ್ಕಿದ್ದು ನೆಮ್ಮದಿ. ಅಂಕಿಗಳನ್ನು ಹೇಗೆ ಬದಲಿಸಿದರೂ ಒಂದು ಮಾತು ಬದಲಾಗದು: ಕೊಳ್ಳುವವರೆಲ್ಲರೂ ಕೂಡಿ ಕೊಟ್ಟದ್ದು ಅವರೆಲ್ಲರಿಗೂ ಕೂಡಿ ಹಿಂದಿರುಗಿದ್ದಕ್ಕಿಂತ ಹೆಚ್ಚಾಗಿರಲೇಬೇಕು, ಇಲ್ಲವಾದರೆ ಅಂಗಡಿ ನಡೆಯದು. ಇದರಲ್ಲಿ ಮೋಸವೇನೂ ಇಲ್ಲ. ವಿಮೆಯ ಧರ್ಮವೇ ಹೀಗೆ. ಹಾಗಾದರೆ ವಿಮೆ ಯಾರಿಗೆ ಬೇಕು? ತಾನೊಬ್ಬನೇ ತಾಳಲಾರದ ಪೆಟ್ಟಿಗೆ ಹೆದರುವವನಿಗೆ. ತಾಳಬಲ್ಲ ಪೆಟ್ಟಿಗೆ ವಿಮೆ ಕೊಳ್ಳುವುದೆಂದರೆ ಸ್ವಂತ ಬಾವಿಯಿದ್ದವನು ನೀರು ಕೊಂಡಂತೆ.

ಜಯನಗರದ ಆ ಸಂಸಾರಕ್ಕೆ ಬ್ಯಾಂಕಿನಲ್ಲಿ ಒಂದೂವರೆ ಲಕ್ಷದ ಆಪದ್ಧನವಿದೆ. ಕಾರು ಸರಳವಾದ ಪೆಟ್ರೋಲ್ ಎಂಜಿನ್ನಿನದು, ಗೇರು ಕೈಯಿಂದ ಹಾಕುವಂಥದು. ಐದು ವರ್ಷಕ್ಕೆ ಓಡುವುದು ನಲವತ್ತು ಸಾವಿರ ಕಿಲೋಮೀಟರು. ಅವರು ಕರಾರನ್ನು ಇಂದು ಕೊಳ್ಳದೆ ಹಣವನ್ನು ಬೇರೆ ಖಾತೆಯಲ್ಲಿಟ್ಟರೆ ಅವಿವೇಕವಾಗದು. ಆದರೆ ಹುಬ್ಬಳ್ಳಿಯಲ್ಲಿ ಔಷಧದ ಕಂಪನಿಗೆ ಪ್ರತಿನಿಧಿಯಾಗಿ ದುಡಿಯುವ ತರುಣನೊಬ್ಬನನ್ನು ನೆನೆಯಬೇಕು. ಬೆಳಗಾವಿ, ಗದಗ, ಬಾಗಲಕೋಟೆಗಳ ನಡುವೆ ವರ್ಷಕ್ಕೆ ಇಪ್ಪತ್ತೈದು ಸಾವಿರ ಕಿಲೋಮೀಟರು ಓಡಾಟ. ಕಾರು ಟರ್ಬೊ ಎಂಜಿನ್ನಿನದು, ಗೇರು ತಾನಾಗಿ ಬೀಳುವಂಥದು. ಸಂಬಳದಲ್ಲಿ ಸಾಲದ ಕಂತು, ಮನೆ ಬಾಡಿಗೆ, ತಂಗಿಯ ಓದಿನ ಖರ್ಚು ಕಳೆದರೆ ಕೈಯಲ್ಲಿ ಉಳಿಯುವುದು ಅಲ್ಪ. ಗೇರ್‌ಬಾಕ್ಸು ಕೆಟ್ಟು ಒಂದು ಲಕ್ಷದ ಬಿಲ್ಲು ಬಂದರೆ ಅವನಿಗೆ ಕಾರೂ ನಿಲ್ಲುತ್ತದೆ, ದುಡಿಮೆಯೂ ನಿಲ್ಲುತ್ತದೆ. ತಂಗಿಯ ಕಾಲೇಜಿನ ಹಣಕ್ಕೆ ಕೈಹಾಕಬೇಕಾಗುತ್ತದೆ. ಅವನಿಗೆ ಅದೇ ಹದಿನೆಂಟು ಸಾವಿರ ದುಬಾರಿಯಲ್ಲ. ಒಂದೇ ಹಾಳೆ, ಎರಡು ಮನೆ, ಎರಡು ಉತ್ತರ. ವಿದ್ಯುತ್ ಕಾರು ಕೊಳ್ಳುವವರು ಇನ್ನೂ ಒಂದು ಸಂಗತಿ ನೋಡಬೇಕು: ಆ ಕಾರಿನ ಅತ್ಯಂತ ಬೆಲೆಬಾಳುವ ಭಾಗವಾದ ಬ್ಯಾಟರಿಗೆ ಹಲವು ಕಂಪನಿಗಳು 8 ವರ್ಷ ಅಥವಾ 1,60,000 ಕಿಲೋಮೀಟರಿನ ಪ್ರತ್ಯೇಕ ವಾರಂಟಿಯನ್ನು ಮೊದಲೇ ಕೊಟ್ಟಿರುತ್ತವೆ. ಇರುವುದನ್ನೇ ಮತ್ತೆ ಕೊಳ್ಳಬೇಕಾಗಿಲ್ಲ.

ಕೊಳ್ಳುವುದೆಂದು ನಿಶ್ಚಯಿಸಿದವರು ಓದಬೇಕಾದದ್ದು ಬಣ್ಣದ ಪುಟವನ್ನಲ್ಲ, ಸಣ್ಣ ಅಕ್ಷರದ ಪುಟವನ್ನು. ಅದರಲ್ಲಿಯೂ ಏನು ಸೇರಿದೆಯೆಂಬ ಪಟ್ಟಿಗಿಂತ ಏನು ಸೇರಿಲ್ಲವೆಂಬ ಪಟ್ಟಿ ಮುಖ್ಯ. ಕ್ಲಚ್ಚಿನ ತಟ್ಟೆ, ಬ್ರೇಕಿನ ಪ್ಯಾಡು, ಟೈರು, ವೈಪರಿನ ರಬ್ಬರು, ಬಲ್ಬು, ಫಿಲ್ಟರು, ಸೀಟಿನ ಬಟ್ಟೆ ಇವು ಸವೆಯುವ ವಸ್ತುಗಳೆಂದು ಸಾಮಾನ್ಯವಾಗಿ ಹೊರಗಿರುತ್ತವೆ. ನಾಲ್ಕನೆಯ ಐದನೆಯ ವರ್ಷದಲ್ಲಿ ಮನೆಯವರು ನಿಜವಾಗಿ ಹಣ ತೆರುವುದು ಬಹಳಮಟ್ಟಿಗೆ ಇವುಗಳಿಗೇ ಎಂಬುದನ್ನು ನೆನಪಿಡಬೇಕು. ಹೊರಗಿನ ಅಂಗಡಿಯಲ್ಲಿ ತಂತಿ ಕತ್ತರಿಸಿ ಹಾಕಿಸಿದ ಹೆಚ್ಚುವರಿ ದೀಪ, ಹಾರನ್ನು, ಗ್ಯಾಸ್ ಕಿಟ್ಟು ಇವು ವಿದ್ಯುತ್ ವ್ಯವಸ್ಥೆಯ ರಕ್ಷೆಯನ್ನೇ ಕೆಡಿಸಬಹುದು. ಸರ್ವೀಸಿನ ವಾಯಿದೆ ತಪ್ಪಿದ್ದರೆ ಕಂಪನಿಗೆ ನೆವ ಸಿಗುತ್ತದೆ. ಇಲಿ ಕಡಿದ ತಂತಿ, ಅಪಘಾತದ ಪೆಟ್ಟು, ನೆರೆಯ ನೀರು ಇವು ಯಾವುವೂ ವಾರಂಟಿಯ ವಿಷಯವಲ್ಲ.

ನೆರೆಯ ನೀರಿನ ಮಾತನ್ನು ಬೆಂಗಳೂರಿನವರು ಬಿಡಿಸಿ ತಿಳಿಯಬೇಕು. 2022ರ ಸೆಪ್ಟೆಂಬರಿನ ಮಳೆಗೆ ಹೊರವರ್ತುಲ ರಸ್ತೆಯ ಸುತ್ತಣ ಬಡಾವಣೆಗಳಲ್ಲಿ ಕಾರುಗಳು ನಿಂತಲ್ಲಿಯೇ ಮುಳುಗಿದವು. ನೀರು ಹೊಕ್ಕ ಎಂಜಿನ್ನನ್ನು ಚಾಲೂ ಮಾಡಿದರೆ ಒಳಗಿನ ದಂಡಗಳು ಬಗ್ಗುತ್ತವೆ. ನೀರು ಗಾಳಿಯಂತೆ ಅದುಮಿಸಿಕೊಳ್ಳುವ ಪದಾರ್ಥವಲ್ಲವಷ್ಟೆ. ಇದು ತಯಾರಿಕೆಯ ದೋಷವಲ್ಲವಾದ್ದರಿಂದ ವಿಸ್ತೃತ ವಾರಂಟಿ ಇದಕ್ಕೆ ಬಾಗಿಲು ತೆರೆಯದು. ಸಾಮಾನ್ಯ ಮೋಟಾರು ವಿಮೆಯೂ ಆನುಷಂಗಿಕ ಹಾನಿಯೆಂದು ಎಂಜಿನ್ನಿನ ಖರ್ಚನ್ನು ನಿರಾಕರಿಸುವುದುಂಟು. ಇದಕ್ಕೆ ಬೇಕಾದದ್ದು ವಿಮೆಯ ಜೊತೆಗೆ ಕೊಳ್ಳುವ ಎಂಜಿನ್ ರಕ್ಷೆಯೆಂಬ ಸೇರ್ಪಡೆ. ತಗ್ಗಿನ ಬಡಾವಣೆಯಲ್ಲಿರುವ ಸಂಸಾರ ವಾರಂಟಿಗೆ ಕೊಡಬೇಕೆಂದಿರುವ ಹಣದ ಒಂದು ಭಾಗವನ್ನು ಇತ್ತ ತಿರುಗಿಸಿದರೆ ಹೆಚ್ಚು ಫಲ ಸಿಗಬಹುದು. ನೀರಿನಲ್ಲಿ ನಿಂತ ಕಾರನ್ನು ಚಾಲೂ ಮಾಡದೆ ಎಳೆಸಿಕೊಂಡು ಹೋಗುವುದಂತೂ ಬಿಡಿಗಾಸಿನ ಕಂತೂ ಇಲ್ಲದ ವಿಮೆ.

ಕರಾರಿನ ಹಿಂದೆ ನಿಂತವರು ಯಾರೆಂಬುದು ಇನ್ನೊಂದು ಪ್ರಶ್ನೆ. ತಯಾರಕರೇ ಹೊಣೆ ಹೊತ್ತಿರುವರೇ, ಮಾರಾಟದ ಏಜೆನ್ಸಿಯೇ, ಇಲ್ಲವೆ ಮೂರನೆಯ ಸಂಸ್ಥೆಯೇ? ಕಾಗದದ ಮೇಲೆ ಕಾರಿನ ಕಂಪನಿಯ ಲಾಂಛನವಿದ್ದ ಮಾತ್ರಕ್ಕೆ ಹೊಣೆ ಅವರದೆಂದು ತಿಳಿಯಬಾರದು. ದೊಡ್ಡ ಕಂಪನಿಗಳೂ ಊರು ಬಿಟ್ಟು ಹೋಗುವುದುಂಟು. ಜನರಲ್ ಮೋಟಾರ್ಸ್ 2017ರ ಕೊನೆಗೆ ಭಾರತದಲ್ಲಿ ಮಾರಾಟವನ್ನು ನಿಲ್ಲಿಸಿತು. ಫೋರ್ಡ್ ಇಲ್ಲಿ ಕಾರು ತಯಾರಿಸುವುದನ್ನು ಕೈಬಿಡುವುದಾಗಿ 2021ರ ಸೆಪ್ಟೆಂಬರಿನಲ್ಲಿ ಸಾರಿತು. ಎರಡೂ ಸರ್ವೀಸು ಮುಂದುವರಿಸುವ ಮಾತು ಕೊಟ್ಟವು. ಆದರೂ ಮಲೆನಾಡಿನ ಸಣ್ಣ ಊರಿನಲ್ಲಿ ಇರುವವರು ಅಧಿಕೃತ ಕಾರ್ಖಾನೆ ತಮ್ಮ ಮನೆಯಿಂದ ಎಷ್ಟು ದೂರವೆಂಬುದನ್ನು ಇಂದೇ ಅಳೆಯಬೇಕು. ಉಚಿತ ರಿಪೇರಿಗಾಗಿ ಕಾರನ್ನು ನೂರು ಕಿಲೋಮೀಟರು ಎಳೆಸುವ ಖರ್ಚು ಕರಾರಿನಲ್ಲಿ ಸೇರಿದೆಯೇ, ಕಾರು ಅಲ್ಲಿ ಹದಿನೈದು ದಿನ ನಿಂತರೆ ಬಾಡಿಗೆ ಗಾಡಿಯ ಖರ್ಚು ಯಾರದು, ರಿಪೇರಿಗೆ ಮೊದಲು ಯಾರ ಒಪ್ಪಿಗೆ ಬೇಕು, ಒಟ್ಟು ಎಷ್ಟು ಮೊತ್ತದವರೆಗೆ ಕೊಡುತ್ತಾರೆ, ಕಾರು ಮಾರಿದರೆ ಕರಾರು ಹೊಸ ಒಡೆಯನಿಗೆ ವರ್ಗವಾಗುತ್ತದೆಯೇ ಎಂಬ ಐದು ಪ್ರಶ್ನೆಗಳಿಗೂ ಬಾಯಿಮಾತಿನ ಉತ್ತರ ಸಾಲದು. ಕೊನೆಯದಕ್ಕೆ ಹೌದೆಂಬ ಉತ್ತರ ಬಂದರೆ ಮಾರುವಾಗ ನಾಲ್ಕು ಕಾಸು ಹೆಚ್ಚು ಬಂದೀತು.

ಕರಾರು ಕೊಂಡರೂ ಕೊಳ್ಳದಿದ್ದರೂ ಗ್ರಾಹಕನ ಕೈಯಲ್ಲಿ ಕಾನೂನು ಇದೆಯೆಂಬುದನ್ನು ಮರೆಯಲಾಗದು. ಒಂದು ಸರಕನ್ನು ಕೊಡಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕೆಂದು ಒತ್ತಾಯಿಸುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ನಿರ್ಬಂಧಕ ವ್ಯಾಪಾರ ಪದ್ಧತಿಯೆಂದು ಎಣಿಸುತ್ತದೆ. ವಿಸ್ತೃತ ವಾರಂಟಿ ಕೊಳ್ಳದೆ ಕಾರಿನ ಬೀಗದ ಕೈ ಸಿಗುವುದಿಲ್ಲವೆಂದು ಯಾರಾದರೂ ಹೇಳಿದರೆ ಆ ಮಾತನ್ನು ಬರೆದುಕೊಡುವಂತೆ ಕೇಳಿದರೆ ಸಾಕು. ಧ್ವನಿ ತಾನಾಗಿ ಮೆತ್ತಗಾಗುತ್ತದೆ. ಹೊರಗಿನ ಗ್ಯಾರೇಜಿಗೆ ಹೋದ ಮಾತ್ರಕ್ಕೆ ವಾರಂಟಿಯೇ ರದ್ದೆಂಬ ಸಗಟು ನಿಯಮ ಕೂಡದೆಂದೂ, ಆ ರಿಪೇರಿಯ ತಪ್ಪಿನಿಂದ ಆದ ಹಾನಿಯಷ್ಟಕ್ಕೆ ಮಾತ್ರ ಅದು ರದ್ದಾಗಬಹುದೆಂದೂ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ತಯಾರಕರ ಪ್ರಕರಣದಲ್ಲಿ ಹೇಳಿತು. ಅದರ ಮೇಲೆ ಮೇಲ್ಮನವಿಗಳೂ ಆದವು. ವ್ಯಾಜ್ಯಕ್ಕೆ ಮನಸ್ಸಿಲ್ಲದವರು ಕರಾರಿನ ಅವಧಿಯಲ್ಲಿ ಅಧಿಕೃತ ಕಾರ್ಖಾನೆಯಲ್ಲಿಯೇ ಸರ್ವೀಸು ಮಾಡಿಸಿ ಪ್ರತಿಯೊಂದು ರಸೀದಿಯನ್ನೂ ಒಂದು ಕಡತದಲ್ಲಿ ಇಡುವುದು ಮೇಲು.

ನ್ಯಾಯವಾದ ರಿಪೇರಿಯನ್ನು ನಿರಾಕರಿಸಿದರೆ ಮೊದಲು ನಿರಾಕರಣೆಯ ಕಾರಣವನ್ನು ಬರೆಹದಲ್ಲಿ ಪಡೆಯಬೇಕು. ಬಳಿಕ 1915 ಎಂಬ ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರಬಹುದು. ಅಲ್ಲಿಯೂ ತೀರದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಬೆಲೆ 50 ಲಕ್ಷ ಮೀರದ ವ್ಯವಹಾರಗಳು ಅದರ ವ್ಯಾಪ್ತಿಗೆ ಬರುತ್ತವೆ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಕಂಪನಿಯ ಕಚೇರಿ ಯಾವ ಊರಿನಲ್ಲಿದ್ದರೂ ದೂರುವವನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಕಾರಣ ಹುಟ್ಟಿದ ಎರಡು ವರ್ಷದೊಳಗೆ ಕೊಡಬೇಕೆಂಬುದು ನಿಯಮ. ತಯಾರಿಕೆಯಲ್ಲಿಯೇ ದೋಷವಿದ್ದ ಕಾರಿನ ಪ್ರಶ್ನೆ ಬೇರೆ. ಅದಕ್ಕೆ ಯಾವ ವಿಸ್ತರಣೆಯ ಕಾಗದವೂ ಇಲ್ಲದೆ ಕಾನೂನಿನ ಆಶ್ರಯ ಕೇಳಬಹುದು.

ಇಷ್ಟೆಲ್ಲ ನೋಡಿದ ಮೇಲೆ ಉಳಿಯುವ ಮಾತು ಚಿಕ್ಕದು. ಷೋರೂಮಿನ ಮೇಜಿನ ಮುಂದೆ ಕೂತಾಗ ಮನಸ್ಸಿನಲ್ಲಿ ಭಯವೂ ಸಂಭ್ರಮವೂ ಒಟ್ಟಿಗೆ ಇರುತ್ತವೆ; ಇವೆರಡೂ ಲೆಕ್ಕಕ್ಕೆ ಒಳ್ಳೆಯ ಗುಮಾಸ್ತರಲ್ಲ. ಹಾಳೆಯನ್ನು ಮನೆಗೆ ತಂದು, ಸೇರದ ವಸ್ತುಗಳ ಪಟ್ಟಿಯನ್ನು ಗಟ್ಟಿಯಾಗಿ ಓದಿ, ಕಾರು ವರ್ಷಕ್ಕೆ ಎಷ್ಟು ಓಡುತ್ತದೆಂದು ಬರೆದು, ಅದರ ಕೆಳಗೆ ಒಂದು ಲಕ್ಷದ ಬಿಲ್ಲು ಒಮ್ಮೆಲೆ ಬಂದರೆ ಹಣ ಎಲ್ಲಿಂದ ಬರುತ್ತದೆಂಬ ಉತ್ತರವನ್ನು ಬರೆಯಬೇಕು. ಆ ಉತ್ತರ ಉಳಿತಾಯದ ಖಾತೆಯಾದರೆ ಕರಾರು ಬೇಡ. ಮಗಳ ಶುಲ್ಕವೋ ತಾಯಿಯ ಔಷಧವೋ ಚಿನ್ನದ ಬಳೆಯೋ ಆದರೆ ಕರಾರು ಬೇಕು. ನಾಲ್ಕನೆಯ ವರ್ಷದ ಚಿಂತೆಗೆ ಉತ್ತರ ಕಾರಿನ ಬಾನೆಟ್ಟಿನ ಕೆಳಗೆ ಸಿಗುವುದಕ್ಕಿಂತ ಹೆಚ್ಚಾಗಿ ಮನೆಯ ಲೆಕ್ಕದ ಪುಸ್ತಕದಲ್ಲಿ ಸಿಗುತ್ತದೆ.